ಎಲ್ಲದಕ್ಕೂ 1407 ಬಂದರೆ, ನಡೆದದ್ದೇನು ಅಂತ ಡಿಬಗ್ಗರ್‌ಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಲಿನಕ್ಸ್‌ನಲ್ಲಿ, 64 ಬಿಟ್ ಇಂಟೆಲ್ ಯಂತ್ರದ ಮೇಲೆ, ಸಿ ಭಾಷೆಯಲ್ಲಿ ಸಣ್ಣದೊಂದು ಡಿಬಗ್ಗರ್ (ಇನ್ನೊಂದು ಪ್ರೋಗ್ರಾಮನ್ನು ನಿಲ್ಲಿಸಿ ಪರೀಕ್ಷಿಸುವ ಸಾಧನ) ಬರೆಯುತ್ತಿದ್ದೇನೆ. ವೇಟ್‌ಪಿಐಡಿ (ಪ್ರೋಗ್ರಾಮ್ ನಿಲ್ಲುವ ತನಕ ಕಾಯುವ ಕರೆ) ಕೊಡುವ ಸ್ಟೇಟಸ್ಸನ್ನು ಪ್ರಿಂಟ್ ಮಾಡಿದರೆ ಬ್ರೇಕ್‌ಪಾಯಿಂಟ್‌ಗೂ 1407, ಸಿಂಗಲ್ ಸ್ಟೆಪ್‌ಗೂ 1407, ಎಕ್ಸೆಕ್ ಆದಾಗಲೂ (ಪ್ರೊಸೆಸ್ ಹೊಸ ಪ್ರೋಗ್ರಾಮನ್ನು ಓಡಿಸತೊಡಗಿದಾಗ) 1407. ಥ್ರೆಡ್‌ಗಳಿರುವ ಪ್ರೋಗ್ರಾಮ್ ಕೊಟ್ಟರೆ ಗೊತ್ತೇ ಇಲ್ಲದ ಯಾವುದೋ ಪಿಐಡಿಯಿಂದ (ಪ್ರೊಸೆಸ್ ಅಥವಾ ಥ್ರೆಡ್‌ನ ಸಂಖ್ಯೆ) 4991 ಬರುತ್ತದೆ. ಒಮ್ಮೊಮ್ಮೆ 198015ಕ್ಕಿಂತ ಮೊದಲು, ಒಮ್ಮೊಮ್ಮೆ ಆಮೇಲೆ. ಲಿನಕ್ಸ್‌ನ ಹೆಸರಾಂತ ಡಿಬಗ್ಗರ್ ಜಿಡಿಬಿ ಇವನ್ನೆಲ್ಲ ಹೇಗೆ ಬೇರೆಬೇರೆಯಾಗಿ ಗುರುತಿಸುತ್ತದೆ?

ಉತ್ತರ: ನಿಮ್ಮ ಸಂಖ್ಯೆಗಳನ್ನೇ ಮೊದಲು ಬಿಡಿಸೋಣ. ಸ್ಟೇಟಸ್‌ನ ಕೆಳಗಿನ 8 ಬಿಟ್‌ಗಳಲ್ಲಿ 127 ಇದ್ದರೆ ಆ ಥ್ರೆಡ್ ನಿಂತಿದೆ ಎಂದರ್ಥ. ಅದರ ಮೇಲಿನ 8 ಬಿಟ್‌ಗಳಲ್ಲಿ ಸಿಗ್ನಲ್ ಸಂಖ್ಯೆ ಇರುತ್ತದೆ, ಅದಕ್ಕೂ ಮೇಲಿನ 8 ಬಿಟ್‌ಗಳಲ್ಲಿ ಪಿಟ್ರೇಸ್ (ಡಿಬಗ್ಗರ್ ಇನ್ನೊಂದು ಪ್ರೊಸೆಸ್ಸನ್ನು ಹಿಡಿತದಲ್ಲಿಡಲು ಬಳಸುವ ಸಿಸ್ಟಮ್ ಕಾಲ್) ಈವೆಂಟ್ ಸಂಖ್ಯೆ. 1407 ಎಂದರೆ 5 ಗುಣಿಸು 256, ಕೂಡಿಸು 127. ಸಿಗ್ನಲ್ 5 ಅಂದರೆ ಸಿಗ್‌ಟ್ರ್ಯಾಪ್, ಡಿಬಗ್ಗಿಂಗ್‌ಗೆ ಬಳಕೆಯಾಗುವ ಸಿಗ್ನಲ್. 4991ರಲ್ಲಿ ಸಿಗ್ನಲ್ 19, ಅದು ಸಿಗ್‌ಸ್ಟಾಪ್, ನಿಲ್ಲಿಸುವ ಸಿಗ್ನಲ್. 198015ರಲ್ಲಿ 1407ರ ಮೇಲೆ 3 ಗುಣಿಸು 65536 ಸೇರಿದೆ. 3 ಎಂಬುದು ಕ್ಲೋನ್ ಈವೆಂಟ್, ಅಂದರೆ ಹೊಸ ಥ್ರೆಡ್ ಹುಟ್ಟಿದ ಸುದ್ದಿ.

ಕರ್ನಲ್ ನಿಮಗೆ ಖಚಿತವಾಗಿ ಹೇಳುವುದು ಇಂಥ ಥ್ರೆಡ್ ನಿಂತಿದೆ ಅನ್ನುವುದನ್ನು ಮಾತ್ರ. ಯಾಕೆ ನಿಂತಿತು ಎಂಬುದನ್ನು ಡಿಬಗ್ಗರ್ ನಾಲ್ಕು ಕಡೆಯಿಂದ ಕೂಡಿಸಿಕೊಳ್ಳಬೇಕು: ಸ್ಟೇಟಸ್, ಸಿಗ್ನಲ್‌ನ ಜೊತೆ ಬರುವ ವಿವರವಾದ ಸಿಗ್‌ಇನ್ಫೋ, ರಿಜಿಸ್ಟರ್‌ಗಳು, ಮತ್ತು ಆ ಥ್ರೆಡ್ಡನ್ನು ಕೊನೆಯ ಬಾರಿ ಏನು ಮಾಡಲು ಬಿಟ್ಟಿದ್ದೆ ಎಂಬ ತನ್ನದೇ ಲೆಕ್ಕ. ಹೊಸದಾಗಿ ಡಿಬಗ್ಗರ್ ಬರೆಯುವವರು ಎಡವುವುದು ಬಹುಮಟ್ಟಿಗೆ ಈ ನಾಲ್ಕನೆಯದರಲ್ಲಿ. ಪ್ರತಿ ಥ್ರೆಡ್‌ಗೂ ಒಂದು ಸ್ಟ್ರಕ್ಟ್ ಇಟ್ಟು, ಅದರಲ್ಲಿ ಕೊನೆಯ ಆದೇಶ ಕಂಟಿನ್ಯೂವೋ, ಸ್ಟೆಪ್ಪೋ, ಸಿಸ್ಟಮ್ ಕಾಲ್ ತನಕ ಓಡುವುದೋ ಎಂದು ಬರೆದಿಡದಿದ್ದರೆ ಮುಂದಿನ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ.

ಮೊದಲ ಕೆಲಸ ಪಿಟ್ರೇಸ್ ಆಪ್ಷನ್‌ಗಳನ್ನು ಹಾಕುವುದು. ಪ್ರೋಗ್ರಾಮ್ ಮೊದಲ ಸಲ ನಿಂತ ತಕ್ಷಣ, ಅದನ್ನು ಮುಂದಕ್ಕೆ ಬಿಡುವ ಮೊದಲೇ, ಸೆಟ್‌ಆಪ್ಷನ್ಸ್ ಕರೆಯಲ್ಲಿ ಟ್ರೇಸ್‌ಫೋರ್ಕ್, ಟ್ರೇಸ್‌ವಿಫೋರ್ಕ್, ವಿಫೋರ್ಕ್‌ಡನ್, ಟ್ರೇಸ್‌ಕ್ಲೋನ್, ಟ್ರೇಸ್‌ಎಕ್ಸೆಕ್, ಟ್ರೇಸ್‌ಎಕ್ಸಿಟ್, ಟ್ರೇಸ್‌ಸಿಸ್‌ಗುಡ್ ಇಷ್ಟನ್ನೂ ಕೊಡಿ. ಟ್ರೇಸ್‌ಎಕ್ಸೆಕ್ ಇಲ್ಲದಿದ್ದರೆ ಎಕ್ಸೆಕ್ ಮುಗಿದಾಗ ಕರ್ನಲ್ ಸುಮ್ಮನೆ ಒಂದು ಸಿಗ್‌ಟ್ರ್ಯಾಪ್ ಕಳಿಸುತ್ತದೆ. ಅದರ ಸಿಗ್‌ಇನ್ಫೋದಲ್ಲಿ ಕೋಡ್ 0. ಹೊರಗಿನಿಂದ ಯಾರೋ ಕಿಲ್ ಆದೇಶದಲ್ಲಿ ಸಿಗ್‌ಟ್ರ್ಯಾಪ್ ಕಳಿಸಿದರೂ ಕೋಡ್ 0. ಹಾಗಾಗಿ ಇವೆರಡನ್ನೂ ಬೇರೆ ಮಾಡುವುದು ಕಷ್ಟ. ಆಪ್ಷನ್ ಹಾಕಿದರೆ ಎಕ್ಸೆಕ್‌ಗೆ 263551 ಬರುತ್ತದೆ, ಎಕ್ಸಿಟ್‌ಗೆ ಸ್ವಲ್ಪ ಮುಂಚೆ 394623. ಈವೆಂಟ್‌ನ ವಿವರ ಬೇಕಾದರೆ ಗೆಟ್‌ಈವೆಂಟ್‌ಎಂಎಸ್‌ಜಿ ಕೇಳಿ: ಫೋರ್ಕ್ (ಪ್ರೊಸೆಸ್‌ನ ಪ್ರತಿ ಹುಟ್ಟಿಸುವುದು) ಮತ್ತು ಕ್ಲೋನ್‌ಗೆ ಹೊಸ ಪಿಐಡಿ, ಎಕ್ಸಿಟ್‌ಗೆ ಎಕ್ಸಿಟ್ ಸ್ಟೇಟಸ್, ಎಕ್ಸೆಕ್‌ಗೆ ಹಳೆಯ ಥ್ರೆಡ್ ಸಂಖ್ಯೆ ಸಿಗುತ್ತದೆ. ಎಕ್ಸೆಕ್‌ನ ಈ ವಿವರ ಲಿನಕ್ಸ್ 3.0ರಿಂದ ಇದೆ. ಎಕ್ಸಿಟ್ ಈವೆಂಟ್‌ನ ಲಾಭ ಏನೆಂದರೆ ಆ ಹೊತ್ತಿಗೆ ಪ್ರೋಗ್ರಾಮಿನ ಮೆಮೊರಿಯೂ ರಿಜಿಸ್ಟರ್‌ಗಳೂ ಇನ್ನೂ ಹಾಗೇ ಇರುತ್ತವೆ, ಸಾಯುವ ಮುನ್ನ ಎಲ್ಲಿತ್ತು ಎಂದು ನೋಡಬಹುದು. ಆಮೇಲೆ ಬರುವ ನಿಜವಾದ ಎಕ್ಸಿಟ್ ಸುದ್ದಿಯಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಈವೆಂಟ್ ಬಿಟ್‌ಗಳು ಖಾಲಿ ಇದ್ದು ಬರೀ 1407 ಬಂದರೆ ಗೆಟ್‌ಸಿಗ್‌ಇನ್ಫೋ ಕರೆದು ಎಸ್‌ಐ ಕೋಡ್ ನೋಡಿ. ಇಂಟೆಲ್ ಯಂತ್ರದಲ್ಲಿ ಅದು 128 ಆಗಿದ್ದರೆ ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್. ಬ್ರೇಕ್‌ಪಾಯಿಂಟ್‌ಗೆಂದೇ ಇರುವ ಟ್ರ್ಯಾಪ್ ಬ್ರೇಕ್‌ಪಾಯಿಂಟ್ ಕೋಡ್ 1 ಇಲ್ಲಿ ಬರುವುದಿಲ್ಲ, ಎಸ್‌ಐ ಕರ್ನಲ್ ಎಂಬ 128 ಬರುತ್ತದೆ. 2 ಆಗಿದ್ದರೆ ಸಿಂಗಲ್ ಸ್ಟೆಪ್, 4 ಆಗಿದ್ದರೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಅಥವಾ ವಾಚ್‌ಪಾಯಿಂಟ್ (ಮೆಮೊರಿಯ ಒಂದು ಜಾಗವನ್ನು ಮುಟ್ಟಿದಾಗ ನಿಲ್ಲಿಸುವುದು). ಹಾಗಾದರೆ 1 ಯಾವಾಗ? ಸಿಸ್ಟಮ್ ಕಾಲ್ ಮಾಡುವ ಇನ್‌ಸ್ಟ್ರಕ್ಷನ್ನನ್ನು ಸಿಂಗಲ್ ಸ್ಟೆಪ್ ಮಾಡಿದಾಗ! ಹೆಸರು ನೋಡಿ ಬ್ರೇಕ್‌ಪಾಯಿಂಟ್ ಎಂದುಕೊಂಡರೆ ಕೆಟ್ಟಿರಿ. ಹಳೆಯ ನಡವಳಿಕೆ, ಈಗ ಯಾರೂ ಬದಲಾಯಿಸುವ ಹಾಗಿಲ್ಲ. ಆರ್ಮ್ 64 ಪ್ರೊಸೆಸರ್‌ನಲ್ಲಿ ಇದು ನೇರವಾಗಿದೆ, ಬ್ರೇಕ್‌ಪಾಯಿಂಟ್‌ಗೆ 1ನ್ನೇ ಕೊಡುತ್ತದೆ. ಆದ್ದರಿಂದ ಈ ಕೋಷ್ಟಕವನ್ನು ಪ್ರೊಸೆಸರ್‌ಗೊಂದರಂತೆ ಬೇರೆ ಫೈಲಿನಲ್ಲಿಡಿ.

ಬ್ರೇಕ್‌ಪಾಯಿಂಟ್ ಒಂದನ್ನು ಪೂರ್ತಿಯಾಗಿ ನೋಡೋಣ. ಫಂಕ್ಷನ್‌ನ ವಿಳಾಸದಲ್ಲಿರುವ ಒಂದು ಬೈಟನ್ನು ಓದಿ ಎತ್ತಿಟ್ಟುಕೊಂಡು, ಅಲ್ಲಿ 204 ಬರೆಯುತ್ತೀರಿ. ಇಂಟ್3 ಇನ್‌ಸ್ಟ್ರಕ್ಷನ್‌ನ ಒಂದೇ ಬೈಟಿನ ರೂಪ ಅದು. ಪಿಟ್ರೇಸ್ ಮೂಲಕ ಬರೆದಾಗ ಓದಲು ಮಾತ್ರ ಅನುಮತಿ ಇರುವ ಕೋಡ್ ಪುಟವಾದರೂ ಕರ್ನಲ್ ಆ ಪುಟದ ಖಾಸಗಿ ಪ್ರತಿ ಮಾಡಿಕೊಂಡು ಅದರಲ್ಲಿ ಬರೆಯುತ್ತದೆ. ಅದಕ್ಕೇ ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಸಿ ಲೈಬ್ರರಿಯಾದ ಲಿಬ್‌ಸಿ ಒಳಗೆ ಬ್ರೇಕ್‌ಪಾಯಿಂಟ್ ಇಟ್ಟರೂ ಅದೇ ಲಿಬ್‌ಸಿ ಬಳಸುವ ಬೇರೆ ಪ್ರೋಗ್ರಾಮ್‌ಗಳಿಗೆ ಏನೂ ಆಗುವುದಿಲ್ಲ. ಪ್ರೊಸೆಸರ್ ಆ ಬೈಟನ್ನು ಎಕ್ಸಿಕ್ಯೂಟ್ ಮಾಡಿದಾಗ 3ನೇ ಎಕ್ಸೆಪ್ಶನ್ ಏಳುತ್ತದೆ, ಕರ್ನಲ್ ಆ ಥ್ರೆಡ್‌ಗೆ ಸಿಗ್‌ಟ್ರ್ಯಾಪ್ ಹಾಕುತ್ತದೆ, ಟ್ರೇಸ್ ಆಗುತ್ತಿರುವ ಕಾರಣ ಸಿಗ್ನಲ್ ತಲುಪುವ ಮೊದಲೇ ಥ್ರೆಡ್ ನಿಲ್ಲುತ್ತದೆ, ನಿಮ್ಮ ವೇಟ್‌ಪಿಐಡಿ ಹಿಂತಿರುಗುತ್ತದೆ.

ಈಗ ಆರ್‌ಐಪಿ (ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸ ಇರುವ ರಿಜಿಸ್ಟರ್) ನೋಡಿದರೆ ಅದು ಬ್ರೇಕ್‌ಪಾಯಿಂಟ್ ವಿಳಾಸಕ್ಕಿಂತ 1 ಮುಂದಿರುತ್ತದೆ. 1 ಕಳೆದು, ಆ ವಿಳಾಸ ನಿಮ್ಮ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಆರ್‌ಐಪಿಯನ್ನು ಹಿಂದಕ್ಕೆ ಬರೆಯಿರಿ. ಇಲ್ಲದಿದ್ದರೆ ಆ ಇಂಟ್3 ಪ್ರೋಗ್ರಾಮಿನದೇ, ಬರೆದವರು ಬೇಕೆಂದೇ ಇಟ್ಟದ್ದು; ಆಗ ಆರ್‌ಐಪಿ ಮುಟ್ಟಬೇಡಿ, ಮುಟ್ಟಿದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತಲೇ ಇರುತ್ತದೆ. ಆರ್ಮ್ 64ರಲ್ಲಿ ಪಿಸಿ (ಆರ್‌ಐಪಿಯ ಕೆಲಸವನ್ನೇ ಮಾಡುವ ರಿಜಿಸ್ಟರ್) ಬ್ರೇಕ್‌ಪಾಯಿಂಟ್ ಮೇಲೆಯೇ ನಿಂತಿರುವುದರಿಂದ ಈ ಕಳೆಯುವ ಕೆಲಸವೇ ಇಲ್ಲ.

ಈ ಲೆಕ್ಕಾಚಾರವನ್ನು ಸುದ್ದಿ ಬಂದ ಕೂಡಲೇ ಮಾಡಿ ಮುಗಿಸಿ, ಬಳಕೆದಾರರಿಗೆ ತೋರಿಸುವ ಹೊತ್ತಿಗಲ್ಲ. ಎರಡು ಥ್ರೆಡ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಬ್ರೇಕ್‌ಪಾಯಿಂಟ್‌ಗೆ ಬಂದವು ಅಂದುಕೊಳ್ಳಿ. ಮೊದಲನೆಯದನ್ನು ತೋರಿಸುತ್ತೀರಿ, ಎರಡನೆಯದು ಕಾಯುತ್ತಿರುತ್ತದೆ. ಬಳಕೆದಾರರು ಅಷ್ಟರಲ್ಲಿ ಆ ಬ್ರೇಕ್‌ಪಾಯಿಂಟನ್ನೇ ಅಳಿಸುತ್ತಾರೆ. ಆಮೇಲೆ ಎರಡನೆಯ ಥ್ರೆಡ್ಡನ್ನು ನೋಡಿದರೆ ಪಟ್ಟಿಯಲ್ಲಿ ಆ ವಿಳಾಸ ಇಲ್ಲ, ಆರ್‌ಐಪಿ ಹಿಂದಕ್ಕೆ ಹೋಗುವುದಿಲ್ಲ, ಇನ್‌ಸ್ಟ್ರಕ್ಷನ್‌ನ ನಡುಮಧ್ಯದಿಂದ ಓಡಲು ಹೊರಟು ಥ್ರೆಡ್ ಕುಸಿಯುತ್ತದೆ. ಜಿಡಿಬಿ ಸುದ್ದಿ ಕೈಗೆ ಬಂದಾಗಲೇ ಪಿಸಿ ಸರಿಪಡಿಸಿಬಿಡುತ್ತದೆ. ತೋರಿಸುವ ಹೊತ್ತಿಗೆ ಬ್ರೇಕ್‌ಪಾಯಿಂಟ್ ಇಲ್ಲವಾಗಿದ್ದರೆ ಆ ಸುದ್ದಿಯನ್ನು ಎಸೆದು ಥ್ರೆಡ್ಡನ್ನು ಅಲ್ಲಿಂದಲೇ ಮತ್ತೆ ಓಡಿಸುತ್ತದೆ.

ಮುಂದಕ್ಕೆ ಹೋಗಬೇಕಾದರೆ ಹಳೆಯ ಬೈಟನ್ನು ವಾಪಸ್ ಬರೆದು, ಸಿಂಗಲ್ ಸ್ಟೆಪ್ ಮಾಡಿ, ನಿಂತ ಮೇಲೆ ಮತ್ತೆ 204 ಬರೆದು, ಕಂಟಿನ್ಯೂ ಕೊಡಬೇಕು. ಸಿಂಗಲ್ ಸ್ಟೆಪ್ ಎಂದರೆ ಕರ್ನಲ್ ಫ್ಲ್ಯಾಗ್ಸ್ ರಿಜಿಸ್ಟರಿನ 8ನೇ ಬಿಟ್ಟನ್ನು ಎತ್ತುತ್ತದೆ, ಒಂದು ಇನ್‌ಸ್ಟ್ರಕ್ಷನ್ ಆದ ಮೇಲೆ ಪ್ರೊಸೆಸರ್ 1ನೇ ಎಕ್ಸೆಪ್ಶನ್ ಎಬ್ಬಿಸುತ್ತದೆ. ಒಂದೇ ಥ್ರೆಡ್ ಇದ್ದರೆ ಇಷ್ಟೇ. ಹಲವು ಥ್ರೆಡ್ ಇದ್ದಾಗ, ಹಳೆಯ ಬೈಟ್ ಕೂತಿರುವ ಆ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಅದೇ ಜಾಗವನ್ನು ನಿಲ್ಲದೆ ದಾಟಿ ಹೋಗಬಹುದು. ಒಂದೋ ಉಳಿದವನ್ನೆಲ್ಲ ಅಷ್ಟು ಹೊತ್ತು ನಿಲ್ಲಿಸಿರಬೇಕು, ಇಲ್ಲವೇ ಮೂಲ ಇನ್‌ಸ್ಟ್ರಕ್ಷನ್ನನ್ನು ಬೇರೊಂದು ಜಾಗಕ್ಕೆ ನಕಲು ಮಾಡಿ ಅಲ್ಲಿ ಸ್ಟೆಪ್ ಮಾಡಿಸಿ ಆರ್‌ಐಪಿಯನ್ನು ಸರಿಹೊಂದಿಸಬೇಕು. ಎರಡನೆಯದು ಚುರುಕು, ಆದರೆ ಆರ್‌ಐಪಿಯನ್ನು ಆಧರಿಸಿ ವಿಳಾಸ ಲೆಕ್ಕ ಹಾಕುವ ಇನ್‌ಸ್ಟ್ರಕ್ಷನ್‌ಗಳನ್ನು ತಿದ್ದಿ ಬರೆಯಬೇಕಾಗುತ್ತದೆ. ಮೊದಲ ಆವೃತ್ತಿಗೆ ಎಲ್ಲವನ್ನೂ ನಿಲ್ಲಿಸುವ ದಾರಿಯೇ ಸಾಕು.

ವಾಚ್‌ಪಾಯಿಂಟ್‌ಗಳ ವಿಷಯ ಚಿಕ್ಕದು. ಪ್ರೊಸೆಸರಿನ ಡಿಬಗ್ ರಿಜಿಸ್ಟರ್‌ಗಳಾದ ಡಿಆರ್0ರಿಂದ ಡಿಆರ್3ರ ತನಕ ನಾಲ್ಕು ವಿಳಾಸ, ಡಿಆರ್7ರಲ್ಲಿ ನಿಯಂತ್ರಣ. ಪೋಕ್‌ಯೂಸರ್ ಎಂಬ ಪಿಟ್ರೇಸ್ ಆದೇಶದ ಮೂಲಕ ಬರೆಯಬೇಕು. ಉದ್ದ 1, 2, 4 ಅಥವಾ 8 ಬೈಟ್, ವಿಳಾಸ ಆ ಉದ್ದಕ್ಕೆ ಅಲೈನ್ ಆಗಿರಬೇಕು. ಬರೆದಾಗ ನಿಲ್ಲಿಸು ಎನ್ನಬಹುದು, ಓದಿದಾಗ ಅಥವಾ ಬರೆದಾಗ ನಿಲ್ಲಿಸು ಎನ್ನಬಹುದು. ಓದಿದಾಗ ಮಾತ್ರ ಎನ್ನುವ ಆಯ್ಕೆ ಇಂಟೆಲ್‌ನಲ್ಲಿಲ್ಲ. ನಿಂತಾಗ ಡಿಆರ್6ರ ಕೆಳಗಿನ 4 ಬಿಟ್‌ಗಳಲ್ಲಿ ಯಾವುದು ತಗುಲಿತು ಎಂದಿರುತ್ತದೆ. ಓದಿದ ಮೇಲೆ ಡಿಆರ್6ನ್ನು ಸೊನ್ನೆ ಮಾಡಿ, ಪ್ರೊಸೆಸರ್ ತಾನಾಗಿ ಅಳಿಸುವುದಿಲ್ಲ. ಬಿಟ್ಟರೆ ಮುಂದಿನ ಸಿಂಗಲ್ ಸ್ಟೆಪ್ ಕೂಡ ವಾಚ್‌ಪಾಯಿಂಟ್‌ನಂತೆ ಕಾಣಿಸಬಹುದು. ಇಂಟೆಲ್‌ನಲ್ಲಿ ನಿಲ್ಲುವುದು ಬರವಣಿಗೆ ಆದ ಮೇಲೆ, ಹಾಗಾಗಿ ಬಳಕೆದಾರರಿಗೆ ಕಾಣುವ ಸಾಲು ಒಂದು ಹೆಜ್ಜೆ ಮುಂದಿರಬಹುದು. ಈ ರಿಜಿಸ್ಟರ್‌ಗಳು ಥ್ರೆಡ್‌ವಾರು ಇರುವುದರಿಂದ ಪ್ರತಿ ಹೊಸ ಥ್ರೆಡ್‌ನಲ್ಲೂ ತುಂಬಬೇಕು.

ಸಿಸ್ಟಮ್ ಕಾಲ್ ಹಿಡಿಯಲು ಕಂಟಿನ್ಯೂ ಬದಲು ಪಿಟ್ರೇಸ್ ಸಿಸ್‌ಕಾಲ್ ಎಂಬ ಆದೇಶ ಕೊಡುತ್ತೀರಿ. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ನಿಲ್ಲುತ್ತದೆ. ಟ್ರೇಸ್‌ಸಿಸ್‌ಗುಡ್ ಹಾಕಿದ್ದರೆ ಸಿಗ್ನಲ್ ಸಂಖ್ಯೆಗೆ 128 ಸೇರಿ 133 ಆಗುತ್ತದೆ, ಸ್ಟೇಟಸ್ 34175. ಒಳಗೋ ಹೊರಗೋ ಎಂಬುದು ಮಾತ್ರ ಸ್ಟೇಟಸ್‌ನಲ್ಲಿಲ್ಲ. ಹಳೆಯ ಕ್ರಮದಲ್ಲಿ ಡಿಬಗ್ಗರೇ ಸಮ ಬೆಸ ಎಣಿಸಬೇಕು. ಒಳಹೋಗುವಾಗ ಆರ್‌ಎಎಕ್ಸ್ ರಿಜಿಸ್ಟರಿನಲ್ಲಿ -38 (ಅಂಥ ಕಾಲ್ ಇಲ್ಲ ಎಂಬ ದೋಷಸಂಖ್ಯೆ) ಇರುತ್ತದೆ, ಕಾಲ್ ಸಂಖ್ಯೆ ಇರುವುದು ಆರಿಗ್ ಆರ್‌ಎಎಕ್ಸ್‌ನಲ್ಲಿ. ಆದರೆ -38ನ್ನೇ ನಂಬಿ ಕೂರಬೇಡಿ, ಕರ್ನಲ್‌ನಲ್ಲಿ ಇಲ್ಲದ ಕಾಲ್ ಮಾಡಿದರೆ ಹೊರಬರುವಾಗಲೂ ಅದೇ ಬರುತ್ತದೆ. ಲಿನಕ್ಸ್ 5.3ರಿಂದ ಗೆಟ್ ಸಿಸ್‌ಕಾಲ್ ಇನ್ಫೋ ಎಂಬ ಕರೆ ಇದೆ, ಒಳಗೋ ಹೊರಗೋ ಎಂದು ಅದೇ ಹೇಳುತ್ತದೆ. ಈಗ ಬರೆಯುವವರು ಅದನ್ನೇ ಬಳಸಿ, ಎಣಿಕೆಯ ತಂಟೆಗೆ ಹೋಗಬೇಡಿ.

ಇನ್ನು ನಿಮ್ಮ 4991. ಟ್ರೇಸ್‌ಕ್ಲೋನ್ ಹಾಕಿದ್ದೀರಿ, ಆದ್ದರಿಂದ ಹೊಸ ಥ್ರೆಡ್ ಹುಟ್ಟುತ್ತಲೇ ಟ್ರೇಸ್‌ಗೆ ಒಳಪಟ್ಟು ಒಂದು ಸಿಗ್‌ಸ್ಟಾಪ್‌ನೊಂದಿಗೆ ನಿಲ್ಲುತ್ತದೆ. ಹುಟ್ಟಿಸಿದ ಥ್ರೆಡ್ ಪ್ರತ್ಯೇಕವಾಗಿ ಕ್ಲೋನ್ ಈವೆಂಟ್‌ನಲ್ಲಿ ನಿಲ್ಲುತ್ತದೆ. ಎರಡೂ ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೆ ಓಡುತ್ತಿರಬಹುದು, ಯಾವ ಸುದ್ದಿ ಮೊದಲು ಬರುತ್ತದೆ ಎಂಬುದಕ್ಕೆ ಕರ್ನಲ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಹಾಗಾಗಿ ಗುರುತಿಲ್ಲದ ಪಿಐಡಿಯಿಂದ ಸ್ಟೇಟಸ್ ಬಂದರೆ ಎಸೆಯಬೇಡಿ, ದೋಷ ಎಂದೂ ತಿಳಿಯಬೇಡಿ. ಪಿಐಡಿ ಮತ್ತು ಸ್ಟೇಟಸ್ ಎರಡನ್ನೂ ಬಾಕಿ ಪಟ್ಟಿಯಲ್ಲಿಡಿ. ಕ್ಲೋನ್ ಈವೆಂಟ್ ಬಂದಾಗ ಗೆಟ್‌ಈವೆಂಟ್‌ಎಂಎಸ್‌ಜಿ ಕೊಟ್ಟ ಪಿಐಡಿ ಆ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಎತ್ತಿಕೊಳ್ಳಿ, ಇಲ್ಲದಿದ್ದರೆ ಆ ಪಿಐಡಿಗಾಗಿಯೇ ವೇಟ್‌ಪಿಐಡಿ ಮಾಡಿ ಕಾಯಿರಿ. ಜಿಡಿಬಿ ಮಾಡುವುದೂ ಇದನ್ನೇ. ವೇಟ್‌ಪಿಐಡಿಗೆ ಡಬ್ಲ್ಯುಆಲ್ ಫ್ಲ್ಯಾಗ್ ಕೊಡುವುದನ್ನು ಮರೆಯಬೇಡಿ. ಲಿನಕ್ಸ್ 4.7ರಿಂದ ಟ್ರೇಸ್ ಆಗುವ ಥ್ರೆಡ್‌ಗಳಿಗೆ ಅದು ತಾನಾಗಿ ಅನ್ವಯವಾಗುತ್ತದೆ. ಹಳೆಯ ಕರ್ನಲ್‌ನಲ್ಲಿ ಅದಿಲ್ಲದಿದ್ದರೆ ಥ್ರೆಡ್‌ಗಳ ಸುದ್ದಿಯೇ ಬರದೆ ಎಲ್ಲ ಗಪ್ಪೆಂದು ಕೂರುತ್ತದೆ.

ಆ ಸಿಗ್‌ಸ್ಟಾಪ್ಪನ್ನು ಥ್ರೆಡ್‌ಗೆ ತಲುಪಿಸಬಾರದು, 0 ಕೊಟ್ಟು ಕಂಟಿನ್ಯೂ ಮಾಡಬೇಕು. ಆದರೆ ಅದೇ ಹೊತ್ತಿಗೆ ಯಾರಾದರೂ ನಿಜವಾಗಿಯೂ ಸಿಗ್‌ಸ್ಟಾಪ್ ಕಳಿಸಿದ್ದರೆ? ಗುರುತಿಸುವ ಚೊಕ್ಕ ದಾರಿ ಇಲ್ಲ. ಈ ಗೋಜಲಿಗೆ ಪರಿಹಾರವಾಗಿಯೇ ಲಿನಕ್ಸ್ 3.4ರಲ್ಲಿ ಪಿಟ್ರೇಸ್ ಸೀಜ್ ಬಂತು. ಓಡುತ್ತಿರುವ ಪ್ರೊಸೆಸ್ಸನ್ನು ಹಿಡಿಯುವ ಹಳೆಯ ಆದೇಶವಾದ ಅಟ್ಯಾಚ್‌ನಂತೆ ಸಿಗ್‌ಸ್ಟಾಪ್ ಕಳಿಸದೆಯೇ ಅದು ಹಿಡಿಯುತ್ತದೆ. ನಿಲ್ಲಿಸಬೇಕಾದರೆ ಇಂಟರಪ್ಟ್ ಎಂಬ ಬೇರೆ ಆದೇಶ ಇದೆ. ಹೊಸ ಥ್ರೆಡ್‌ನ ಮೊದಲ ನಿಲುಗಡೆ 128ನೇ ಈವೆಂಟ್ ಆಗಿ, 8390015 ಎಂದು ಬರುತ್ತದೆ, ನಿಜವಾದ ಸಿಗ್‌ಸ್ಟಾಪ್ ಜೊತೆ ಕಲಸಿಹೋಗುವುದಿಲ್ಲ. ಎಕ್ಸೆಕ್ ಬಳಿಕದ ಹಳೆಯ ಸಿಗ್‌ಟ್ರ್ಯಾಪ್ ಕೂಡ ಇರುವುದಿಲ್ಲ. ಟ್ರೇಸ್‌ಮೀ ಮಾಡಿದ (ನನ್ನನ್ನು ಟ್ರೇಸ್ ಮಾಡು ಎಂದು ತಾನೇ ಕೇಳಿಕೊಂಡ) ಮಗುವನ್ನು ಸೀಜ್ ಮಾಡಲಾಗದು. ಆದ್ದರಿಂದ ಫೋರ್ಕ್ ಆದ ಮಗು ಒಂದು ಪೈಪ್ ಓದುತ್ತಾ ಕಾಯಲಿ, ನೀವು ಸೀಜ್ ಮಾಡಿ ಪೈಪ್‌ಗೆ ಒಂದು ಬೈಟ್ ಬರೆಯಿರಿ, ಆಮೇಲೆ ಅದು ಎಕ್ಸೆಕ್ ಮಾಡಲಿ. ಹೊಸದಾಗಿ ಬರೆಯುತ್ತಿರುವವರಿಗೆ ನನ್ನ ಸಲಹೆ ಸೀಜ್ ದಾರಿಯೇ.

ಫೋರ್ಕ್ ಆದಾಗ ಮಗುವಿಗೆ ಮೆಮೊರಿಯ ಪ್ರತಿ ಹೋಗುತ್ತದೆ, ನೀವು ಬರೆದ 204 ಬೈಟ್‌ಗಳ ಸಮೇತ. ಮಗುವನ್ನು ಹಾಗೇ ಡಿಟ್ಯಾಚ್ ಮಾಡಿಬಿಟ್ಟರೆ (ಡಿಬಗ್ಗರ್ ಹಿಡಿತದಿಂದ ಬಿಟ್ಟುಬಿಟ್ಟರೆ) ಅದು ಮೊದಲ ಬ್ರೇಕ್‌ಪಾಯಿಂಟ್ ಸಿಕ್ಕಲ್ಲಿ ಸಿಗ್‌ಟ್ರ್ಯಾಪ್‌ನಿಂದ ಸಾಯುತ್ತದೆ, ಶೆಲ್‌ನಲ್ಲಿ ಎಕ್ಸಿಟ್ ಕೋಡ್ 133 ಕಾಣುತ್ತದೆ. ಡಿಬಗ್ಗರ್ ಹಾಕಿದಾಗ ಮಾತ್ರ ಸಾಯುವ ಚೈಲ್ಡ್ ಪ್ರೊಸೆಸ್ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಡಿಟ್ಯಾಚ್‌ಗೆ ಮುಂಚೆ ಮಗುವಿನಿಂದ ಎಲ್ಲ ಬ್ರೇಕ್‌ಪಾಯಿಂಟ್ ತೆಗೆಯಿರಿ. ವಿಫೋರ್ಕ್‌ನಲ್ಲಿ ಕಥೆ ತಿರುಗುಮುರುಗು: ತಾಯಿ ಮಗು ಇಬ್ಬರಿಗೂ ಒಂದೇ ಮೆಮೊರಿ, ಮಗುವಿನಿಂದ ತೆಗೆದರೆ ತಾಯಿಯದೂ ಹೋಗುತ್ತದೆ. ಮಗು ಎಕ್ಸೆಕ್ ಅಥವಾ ಎಕ್ಸಿಟ್ ಮಾಡಿ ವಿಫೋರ್ಕ್‌ಡನ್ ಈವೆಂಟ್ ಬರುವ ತನಕ ಕಾದು, ಆಮೇಲೆ ತಾಯಿಯಲ್ಲಿ ಮತ್ತೆ ಇಡಬೇಕು. ಆ ಆಪ್ಷನ್ ಕೇಳಿದ್ದು ಇದಕ್ಕಾಗಿಯೇ.

ಎಕ್ಸೆಕ್‌ನಲ್ಲಿ ಎರಡು ಅಪಾಯ. ಮೊದಲನೆಯದು ಸುಲಭ: ಹಳೆಯ ಮೆಮೊರಿ ಹೋಯಿತು, ಬ್ರೇಕ್‌ಪಾಯಿಂಟ್ ಪಟ್ಟಿಯಲ್ಲಿ ಎತ್ತಿಟ್ಟ ಹಳೆಯ ಬೈಟ್‌ಗಳು ಈಗ ಕಸ, ಅವನ್ನು ಹೊಸ ಪ್ರೋಗ್ರಾಮಿನೊಳಗೆ ವಾಪಸ್ ಬರೆಯಬೇಡಿ. ಎರಡನೆಯದು, ಥ್ರೆಡ್‌ಗಳಿರುವ ಪ್ರೋಗ್ರಾಮಿನಲ್ಲಿ ಮುಖ್ಯವಲ್ಲದ ಥ್ರೆಡ್ ಒಂದು ಎಕ್ಸೆಕ್ ಮಾಡಿದರೆ ಉಳಿದವೆಲ್ಲ ಸಾಯುತ್ತವೆ, ಎಕ್ಸೆಕ್ ಮಾಡಿದ ಥ್ರೆಡ್‌ನ ಸಂಖ್ಯೆ ಬದಲಾಗಿ ಮುಖ್ಯ ಥ್ರೆಡ್‌ನ ಸಂಖ್ಯೆಯೇ ಅದಕ್ಕೆ ಸಿಗುತ್ತದೆ. ನಿಮ್ಮ ಪಟ್ಟಿಯ ಕಣ್ಣಿಗೆ ಮುಖ್ಯ ಥ್ರೆಡ್ ಬದುಕಿದೆ, ಎಕ್ಸೆಕ್ ಮಾಡಿದ್ದು ಮಾಯವಾಗಿದೆ. ಅದಕ್ಕೇ ಹಳೆಯ ಸಂಖ್ಯೆ ಕೇಳಿ ಪಡೆದು, ಪಟ್ಟಿಯಲ್ಲಿ ಉಳಿದ ಎಲ್ಲ ಥ್ರೆಡ್‌ಗಳನ್ನೂ ಅಳಿಸಬೇಕು.

ಸಿಗ್ನಲ್‌ಗಳನ್ನು ಮುಂದಕ್ಕೆ ಬಿಡುವ ವಿಷಯದಲ್ಲಿ ಬಹಳ ಜನ ಕಂಟಿನ್ಯೂದ ಕೊನೆಯ ಆರ್ಗ್ಯುಮೆಂಟ್‌ಗೆ ಕಣ್ಣುಮುಚ್ಚಿ 0 ಕೊಡುತ್ತಾರೆ. 0 ಎಂದರೆ ಸಿಗ್ನಲ್ ನುಂಗಿಹಾಕು ಎಂದು. ತಪ್ಪು ಮೆಮೊರಿ ಮುಟ್ಟಿದಾಗ ಬರುವ ಸಿಗ್‌ಸೆಗ್‌ವಿ ನುಂಗಿದರೆ ತಪ್ಪು ಇನ್‌ಸ್ಟ್ರಕ್ಷನ್ ಮತ್ತೆ ಓಡಿ, ಮತ್ತೆ ಅದೇ ಸಿಗ್ನಲ್, ಕೊನೆಯಿಲ್ಲದ ಸುತ್ತು. ಅಲಾರಮ್ ಸಿಗ್ನಲ್ ನುಂಗಿದರೆ ಪ್ರೋಗ್ರಾಮ್ ಸುಮ್ಮನೆ ಕಾದು ಕೂರುತ್ತದೆ. ನಿಮ್ಮದೇ ಬ್ರೇಕ್‌ಪಾಯಿಂಟ್‌ನ ಸಿಗ್‌ಟ್ರ್ಯಾಪ್ ಮಾತ್ರ ನುಂಗಬೇಕು, ಪ್ರೋಗ್ರಾಮಿಗೆ ಸೇರಿದ್ದನ್ನು ಅದಕ್ಕೇ ಕೊಡಬೇಕು. ಸಿಗ್‌ಕಿಲ್ ಸಿಗ್ನಲ್ ತಲುಪಿಸುವ ನಿಲುಗಡೆಯನ್ನು ಕೊಡದೆ ಕೊಲ್ಲುತ್ತದೆ. ನಿಂತಿದೆ ಎಂದುಕೊಂಡ ಥ್ರೆಡ್ ಮೇಲಿನ ಪಿಟ್ರೇಸ್ ಕರೆ ಇಎಸ್‌ಆರ್‌ಸಿಎಚ್ (ಅಂಥ ಪ್ರೊಸೆಸ್ ಇಲ್ಲ ಎಂಬ ದೋಷ) ಕೊಟ್ಟರೆ ಗಾಬರಿಯಾಗದೆ ವೇಟ್‌ಪಿಐಡಿಗೆ ಮರಳಿ.

ಅದೇ ಇಎಸ್‌ಆರ್‌ಸಿಎಚ್ ಇನ್ನೊಂದು ಕಾರಣಕ್ಕೂ ಬರುತ್ತದೆ, ಇದು ತಲೆ ತಿನ್ನುವ ಜಾತಿಯದು. ಪಿಟ್ರೇಸ್ ಸಂಬಂಧ ಇರುವುದು ಡಿಬಗ್ಗರ್‌ನ ಒಂದು ಥ್ರೆಡ್‌ಗೆ, ಇಡೀ ಡಿಬಗ್ಗರ್ ಪ್ರೊಸೆಸ್‌ಗಲ್ಲ. ಒಂದು ಥ್ರೆಡ್‌ನಲ್ಲಿ ಅಟ್ಯಾಚ್ ಮಾಡಿ ಇನ್ನೊಂದರಿಂದ ರಿಜಿಸ್ಟರ್ ಓದಲು ಹೋದರೆ ಅಂಥ ಪ್ರೊಸೆಸ್ಸೇ ಇಲ್ಲ ಎನ್ನುತ್ತದೆ. ಗೋ ಭಾಷೆಯಲ್ಲಿ ಬರೆಯುವವರು ಗೊರೂಟಿನ್ನನ್ನು ಒಂದೇ ಓಎಸ್ ಥ್ರೆಡ್‌ಗೆ ಲಾಕ್ ಮಾಡಲೇಬೇಕು. ಮಗು ನಿಂತಾಗ ಬರುವ ಸಿಗ್‌ಚೈಲ್ಡ್ ಸಿಗ್ನಲ್‌ನ ಹ್ಯಾಂಡ್ಲರ್ ನಂಬಿ ಈವೆಂಟ್ ಲೂಪ್ ಕಟ್ಟಿದ್ದರೆ ಇನ್ನೊಂದು ಎಚ್ಚರ: ಹತ್ತು ಥ್ರೆಡ್ ನಿಂತರೂ ಸಿಗ್‌ಚೈಲ್ಡ್ ಒಂದೇ ಬರಬಹುದು. ಒಂದು ಸಿಗ್ನಲ್‌ಗೆ ಒಂದು ವೇಟ್‌ಪಿಐಡಿ ಎಂದು ಮಾಡದೆ, ನೋಹ್ಯಾಂಗ್ ಫ್ಲ್ಯಾಗ್ ಕೊಟ್ಟು 0 ಬರುವ ತನಕ ಕರೆಯುತ್ತಲೇ ಇರಿ.

ಲೈಬ್ರರಿ ಲೋಡ್ ಆದದ್ದು ಕರ್ನಲ್‌ನ ಈವೆಂಟೇ ಅಲ್ಲ. ಅದರ ಕಣ್ಣಿಗೆ ಅದು ಬರೀ ಎಂಮ್ಯಾಪ್, ಫೈಲನ್ನು ಮೆಮೊರಿಗೆ ಜೋಡಿಸುವ ಕರೆ. ಗ್ಲಿಬ್‌ಸಿಯ ಡೈನಮಿಕ್ ಲಿಂಕರ್ ಲೈಬ್ರರಿ ಪಟ್ಟಿ ಬದಲಾದಾಗಲೆಲ್ಲ ಒಂದು ಖಾಲಿ ಫಂಕ್ಷನ್ ಕರೆಯುತ್ತದೆ, ಅದರ ವಿಳಾಸ ಆರ್ ಡಿಬಗ್ ಎಂಬ ರಚನೆಯಲ್ಲಿ ಆರ್‌ಬ್ರೇಕ್ ಎಂಬ ಹೆಸರಿನಲ್ಲಿರುತ್ತದೆ. ಡಿಬಗ್ಗರ್ ಅಲ್ಲಿ ಗುಟ್ಟಾಗಿ ಬ್ರೇಕ್‌ಪಾಯಿಂಟ್ ಇಟ್ಟು, ನಿಂತಾಗ ಲಿಂಕ್ ಮ್ಯಾಪ್ ಪಟ್ಟಿಯನ್ನು ಓದಿ ಹೋಲಿಸುತ್ತದೆ. ಸಿ++ ಎಕ್ಸೆಪ್ಶನ್ ಹಿಡಿಯುವುದೂ ಇದೇ ರೀತಿ, ಥ್ರೋ ಮಾಡುವ ರನ್‌ಟೈಮ್ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್. ಪ್ರೋಗ್ರಾಮ್ ಪಿಐಇ (ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಲೋಡ್ ಆಗಬಲ್ಲದ್ದು) ಆಗಿದ್ದರೆ ಅದು ಎಲ್ಲಿ ಲೋಡ್ ಆಯಿತು ಎಂದು ತಿಳಿಯಲು ಪ್ರೊಸೆಸ್‌ಗಳ ವಿವರವಿರುವ ಪ್ರೋಕ್ ಡೈರೆಕ್ಟರಿಯ ಅಡಿಯ ಆಕ್ಸ್‌ವಿ ಫೈಲಿನಿಂದ ಎಂಟ್ರಿ ವಿಳಾಸ ತೆಗೆದುಕೊಂಡು ಇಎಲ್‌ಎಫ್ ಹೆಡರ್‌ನ ಎಂಟ್ರಿಯನ್ನು ಅದರಿಂದ ಕಳೆಯಿರಿ.

ವಿಂಡೋಸ್‌ನಲ್ಲಿ ಈ ತಾಪತ್ರಯದ ಅರ್ಧ ಇಲ್ಲ. ವೇಟ್‌ಫಾರ್‌ಡಿಬಗ್‌ಈವೆಂಟ್ ಕರೆದರೆ ಎಕ್ಸೆಪ್ಶನ್, ಥ್ರೆಡ್ ಹುಟ್ಟು, ಥ್ರೆಡ್ ಸಾವು, ಡಿಎಲ್‌ಎಲ್ ಲೋಡ್ ಎಂದು ವಿಂಗಡಿಸಿಯೇ ಕೊಡುತ್ತದೆ.

ಅಟ್ಯಾಚ್ ಮಾಡುವಾಗಲೇ ಇಪರ್ಮ್ (ಅನುಮತಿ ಇಲ್ಲ ಎಂಬ ದೋಷ) ಬಂದರೆ ಎರಡು ಕಡೆ ನೋಡಿ. ಪ್ರೋಕ್ ಅಡಿಯ ಸ್ಟೇಟಸ್ ಫೈಲಿನಲ್ಲಿ ಟ್ರೇಸರ್‌ಪಿಐಡಿ ಸಾಲು 0 ಅಲ್ಲದಿದ್ದರೆ ಈಗಾಗಲೇ ಬೇರೊಂದು ಡಿಬಗ್ಗರ್ ಹಿಡಿದಿದೆ, ಒಬ್ಬರಿಗಿಂತ ಹೆಚ್ಚು ಮಂದಿಗೆ ಜಾಗವಿಲ್ಲ. ಕರ್ನಲ್‌ನ ಭದ್ರತಾ ಭಾಗವಾದ ಯಾಮಾದ ಪಿಟ್ರೇಸ್ ಸ್ಕೋಪ್ 1 ಆಗಿದ್ದರೆ, ಉಬುಂಟುವಿನಲ್ಲಿ ಮಾಮೂಲಿ ಅದೇ, ನಿಮ್ಮದೇ ಸಂತತಿಯ ಪ್ರೊಸೆಸ್‌ಗಳನ್ನು ಮಾತ್ರ ಹಿಡಿಯಬಹುದು.

ಜಿಡಿಬಿ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಅದರ ಮೇಲೆಯೇ ಎಸ್‌ಟ್ರೇಸ್ (ಪ್ರೋಗ್ರಾಮ್ ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಸಾಧನ) ಬಿಡಿ, ಪಿಟ್ರೇಸ್ ಮತ್ತು ವೇಟ್4 ಎರಡೇ ಕಾಲ್‌ಗಳನ್ನು ಸೋಸಿಕೊಂಡು. ನಿಮ್ಮ ಪ್ರೋಗ್ರಾಮ್ ಶುರುವಾಗುವಾಗ ಎಕ್ಸೆಕ್ ಎರಡು ಸಲ ಕಾಣುತ್ತದೆ: ಜಿಡಿಬಿ ಮೊದಲು ಶೆಲ್ ಹುಟ್ಟಿಸಿ ಅದರ ಮೂಲಕ ನಿಮ್ಮ ಪ್ರೋಗ್ರಾಮನ್ನು ಓಡಿಸುತ್ತದೆ. ಫೋರ್ಕ್ ಹಿಂಬಾಲಿಸುವ ಎಫ್ ಆಯ್ಕೆಯನ್ನು ಮಾತ್ರ ಹಾಕಬೇಡಿ. ಹಾಕಿದರೆ ಜಿಡಿಬಿಯ ಮಗುವನ್ನೂ ಎಸ್‌ಟ್ರೇಸ್ ಹಿಡಿದುಬಿಡುತ್ತದೆ, ಟ್ರೇಸ್‌ಮೀ ಕರೆಗೆ ಇಪರ್ಮ್ ಬಂದು ಡಿಬಗ್ಗಿಂಗ್ ಶುರುವೇ ಆಗುವುದಿಲ್ಲ. ಜಿಡಿಬಿ ತಾನು ಹೇಗೆ ತೀರ್ಮಾನಿಸಿತು ಎಂಬ ಒಳಮಾತು ಬೇಕಿದ್ದರೆ ಅದರೊಳಗೆ ಸೆಟ್ ಡಿಬಗ್ ಇನ್‌ಫ್ರನ್ 1 ಎಂದು ಕೊಡಿ. ಪ್ರತಿ ನಿಲುಗಡೆಯನ್ನೂ ಹೇಗೆ ಅರ್ಥ ಮಾಡಿಕೊಂಡಿತು, ಮುಂದೆ ಏನು ಮಾಡಹೊರಟಿತು ಎಂದು ಸಾಲುಸಾಲಾಗಿ ಬರೆಯುತ್ತಾ ಹೋಗುತ್ತದೆ.